ನಾಯಿ ಮೈ ಕೆರ್ಕೊಳ್ತಿದ್ರೆ ಡಾಕ್ಟ್ರ ಹತ್ರ ಬರೋ ತನಕ ಏನ್ಮಾಡ್ಬೇಕು

ಕಳೆದ ಆಷಾಢದಲ್ಲಿ ಒಬ್ರು ಆಟೋ ಡ್ರೈವರ್ ಸ್ಟ್ಯಾಂಡಲ್ಲಿ ಮಲಗೋ ಒಂದು ಮರೀನ ಗೋಣಿಚೀಲದಲ್ಲಿ ಸುತ್ಕೊಂಡು ಕ್ಲಿನಿಕ್ಕಿಗೆ ತಂದ್ರು. ಮೈಯೆಲ್ಲಾ ಕಪ್ಪು ಜಿಡ್ಡು, ಮುಟ್ಟಿದ್ರೆ ಕೈಗೆ ಅಂಟ್ಕೊಳ್ಳೋದು, ವಾಸ್ನೆಗೆ ಗ್ಯಾರೇಜಿನ ವೇಸ್ಟ್ ಆಯಿಲ್ ಇರ್ಬಹುದು ಅನ್ನಿಸ್ತು. "ಗಜ್ಜಿ ಸಾರ್, ಆಯಿಲ್ ಹಚ್ಚಿದ್ರೆ ಹೋಗುತ್ತೆ ಅಂದ್ರು" ಅಂದ್ರು ಪಾಪ. ಮರಿ ಅದನ್ನ ನೆಕ್ಕಿ ಬೆಳಗ್ಗೆಯಿಂದ ವಾಂತಿ ಮಾಡ್ತಿತ್ತು. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಮೂರು ಸಲ ತೊಳೆದ್ಮೇಲೆ ಚರ್ಮ ಕಾಣಿಸ್ತು. ಆವತ್ತು ಬ್ಲೇಡಲ್ಲಿ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಏನೂ ಸರಿಯಾಗಿ ಕಾಣ್ಲಿಲ್ಲ, ಎರಡು ದಿನ ಬಿಟ್ಟು ಮತ್ತೆ ಕೆರೆದಾಗ ಗುಂಡಗಿನ ಸಾರ್ಕಾಪ್ಟಿಸ್ ಹುಳ ಸಿಕ್ತು. ಅಷ್ಟೊತ್ತಿಗೆ ಅವರ ಮುಂಗೈ ಮೇಲೂ ಸಣ್ಣ ಕೆಂಪು ಗುಳ್ಳೆ ಎದ್ದಿತ್ತು, ಯಾಕಂದ್ರೆ ಈ ಗಜ್ಜಿ ಮನುಷ್ಯರಿಗೂ ಅಂಟುತ್ತೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಡಾಕ್ಟ್ರ ಹತ್ರ ಬರೋಕೆ ಮುಂಚೆ ಮನೇಲಿ ನೀವು ಮಾಡ್ಬೇಕಾಗಿರೋದು ರೋಗ ವಾಸಿ ಮಾಡೋದಲ್ಲ, ಗಾಯ ದೊಡ್ಡದಾಗದೆ ಇರೋ ಹಾಗೆ ಮತ್ತೆ ನಮಗೆ ನೋಡೋಕೆ ಏನಾದ್ರೂ ಉಳಿಯೋ ಹಾಗೆ ನೋಡ್ಕೊಳ್ಳೋದು. ಕೂದಲು ಉದುರಿ ಕೆಂಪಾಗಿರೋದೆಲ್ಲ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತೆ, ಒಳಗೆ ಮಾತ್ರ ಬ್ಯಾಕ್ಟೀರಿಯಾ ಇರ್ಬಹುದು, ಯೀಸ್ಟ್ ಇರ್ಬಹುದು, ಹುಳುಕಡ್ಡಿ ಇರ್ಬಹುದು, ಚಿಗಟದ ಅಲರ್ಜಿ ಇರ್ಬಹುದು. ಒಂದೊಂದಕ್ಕೂ ಔಷಧಿ ಬೇರೆ.

ಮೊದಲ ಕೆಲಸ ನೆಕ್ಕೋದು ನಿಲ್ಸೋದು. ಲ್ಯಾಬ್ರಡಾರ್, ಗೋಲ್ಡನ್ ಥರ ದಟ್ಟ ಕೂದಲಿನ ನಾಯಿಗಳಿಗೆ ಮಳೆಗಾಲದಲ್ಲಿ ಕಿವಿ ಕೆಳಗೆ, ಸೊಂಟದ ಮೇಲೆ ಹಾಟ್ ಸ್ಪಾಟ್, ಅಂದ್ರೆ ನೆಕ್ಕಿ ಕಚ್ಚಿ ಆಗೋ ಹಸಿ ಗಾಯ, ಆಗುತ್ತೆ, ರಾತ್ರಿ ಮಲಗೋವಾಗ ರೂಪಾಯಿ ನಾಣ್ಯದಷ್ಟಿದ್ದದ್ದು ಬೆಳಗ್ಗೆ ಅಂಗೈ ಅಗಲ ಆಗಿ ನೀರು ಸೋರ್ತಿರುತ್ತೆ, ಅದಕ್ಕೆ ಕಾರಣ ನಾಯಿಯ ನಾಲಿಗೆ ಮತ್ತೆ ಹಲ್ಲೇ. ಪೆಟ್ ಶಾಪಲ್ಲಿ ಸಿಗೋ ಕೋನ್ ಕತ್ತಿಗೆ ಹಾಕಿ, ಊಟಕ್ಕೆ ತೊಂದ್ರೆ ಆದ್ರೆ ಆಗ ಮಾತ್ರ ತೆಗೀರಿ. ಗಾಯ ಹೊಟ್ಟೆ, ಬೆನ್ನಿನ ಮೇಲಿದ್ರೆ ಮಕ್ಕಳ ಹಳೇ ಕಾಟನ್ ಟೀ ಶರ್ಟೂ ಆಗುತ್ತೆ.

ಆಮೇಲೆ ಉಪ್ಪು ನೀರು. ಅರ್ಧ ಲೀಟರ್ ನೀರು ಕುದಿಸಿ ಒಂದು ಟೀ ಚಮಚ ಪುಡಿ ಉಪ್ಪು, ಗೋಪುರ ಇಲ್ದೆ ಸಮ ಮಾಡಿ, ಹಾಕಿ ಆರೋಕೆ ಬಿಡಿ. ಸ್ವಚ್ಛ ಬಟ್ಟೆ ಅದ್ದಿ ಗಾಯದ ಮೇಲೆ ಐದು ನಿಮಿಷ ಒತ್ತಿಡಿ, ಉಜ್ಜಬೇಡಿ, ಹಕ್ಕಳೆ ಕೀಳಬೇಡಿ. ದಿನಕ್ಕೆ ಎರಡು ಮೂರು ಸಲ ಸಾಕು. ಪ್ರತಿ ಸಲ ಒಣ ಬಟ್ಟೇಲಿ ತಟ್ಟಿ ತಟ್ಟಿ ಒಣಗ್ಸಿ, ಫ್ಯಾನ್ ಕೆಳಗೆ ಮಲಗ್ಸಿ, ಒದ್ದೆ ಉಳಿದ್ರೆ ಮಾಡಿದ್ದೆಲ್ಲ ವ್ಯರ್ಥ. ನಾಯಿ ಬಿಟ್ರೆ ಸುತ್ತಲಿನ ಕೂದಲನ್ನ ಟ್ರಿಮ್ಮರಲ್ಲಿ ತೆಗೀರಿ, ನೋವಿಗೆ ಗುರ್ ಅಂದ್ರೆ ಬಿಟ್ಬಿಡಿ, ಕತ್ತರಿ ಮಾತ್ರ ಬೇಡ, ಕತ್ತರಿಯಿಂದ ಚರ್ಮ ಸೀಳಿಸ್ಕೊಂಡು ಹೊಲಿಗೆಗೆ ಬಂದ ನಾಯಿಗಳನ್ನ ನೋಡಿದೀನಿ.

ಹಚ್ಚೋ ವಿಷ್ಯದಲ್ಲಿ ನನಗೆ ಅತಿ ಹೆಚ್ಚು ಬೇಜಾರಾಗೋದು ಮನೇಲಿರೋ ಮನುಷ್ಯರ ತುರಿಕೆ ಟ್ಯೂಬ್ ನೋಡಿದಾಗ. ಬಹಳಷ್ಟರಲ್ಲಿ ಕ್ಲೋಬೆಟಸಾಲ್ ಥರದ ಜೋರು ಸ್ಟೀರಾಯ್ಡ್ ಇರುತ್ತೆ, ಎರಡು ದಿನ ಕೆಂಪು ಇಳಿದು ವಾಸಿ ಆಯ್ತು ಅನ್ಸುತ್ತೆ, ಆದ್ರೆ ಸ್ಟೀರಾಯ್ಡು ಚರ್ಮದ ರೋಗನಿರೋಧಕ ಶಕ್ತೀನೇ ಕುಗ್ಗಿಸೋದ್ರಿಂದ ಹುಳುಕಡ್ಡಿ, ಇಲ್ಲಾ ಡೆಮೊಡೆಕ್ಸ್ ಅನ್ನೋ ಚರ್ಮದ ಹುಳ ಇದ್ರೆ ಒಳಗೊಳಗೇ ಹರಡುತ್ತೆ. ಮಗುವಿನ ಡೈಪರ್ ರ‍್ಯಾಶ್ ಕ್ರೀಮಲ್ಲಿ ಸತು, ಅಂದ್ರೆ ಜಿಂಕ್ ಇರುತ್ತೆ, ನೆಕ್ಕಿದ್ರೆ ವಿಷ. ಸೀಮೆಎಣ್ಣೆ, ಫಿನಾಯಿಲ್, ಡೆಟಾಲ್ ಯಾವ್ದೂ ಬೇಡ. ನಾಯಿ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು, ನಮಗೆ ಉರಿ ತರಿಸೋದು ಅದಕ್ಕೆ ಸುಡುತ್ತೆ. ಅರಿಶಿನ ವಿಷ ಅಲ್ಲ, ಆದ್ರೆ ಸೋರೋ ಗಾಯದ ಮೇಲೆ ಅದು ಗಟ್ಟಿ ಕೂತು ಕೆಳಗೆ ಕೀವು ಕಟ್ಟುತ್ತೆ. ನೋವಿಗೆ ಅಂತ ನಿಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಕೊಡ್ಲೇಬೇಡಿ. ಮೆಡಿಕಲ್ ಶಾಪಿಂದ ಹುಳ ಸಾಯ್ಸೋ ಐವರ್ಮೆಕ್ಟಿನ್ ತಂದು ಅಂದಾಜಲ್ಲಿ ಕೊಡೋದೂ ಅಷ್ಟೇ ಅಪಾಯ, ಕಾಲೀ (Collie) ಅನ್ನೋ ತಳಿಯ ಎಷ್ಟೋ ನಾಯಿಗಳಿಗೆ ಅದು ಮೆದುಳಿಗೆ ಏರಿ ಜೀವಕ್ಕೇ ಕುತ್ತು.

ಗಾಯದಲ್ಲಿ ಹುಳ ಓಡಾಡ್ತಿದ್ರೆ, ಮುಖ ಊದಿದ್ರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ, ಊಟ ಬಿಟ್ಟಿದ್ರೆ ಇದ್ಯಾವ ಉಪ್ಪು ನೀರಿಗೂ ಕಾಯ್ಬೇಡಿ, ಆ ಕ್ಷಣವೇ ಹೊರಡಿ.

ಬರೋ ದಿನ ಶಾಂಪೂ ಸ್ನಾನ ಮಾಡ್ಸಬೇಡಿ, ಟೆಸ್ಟಿಗೆ ಬೇಕಾಗಿರೋದು ತೊಳೆದು ಹೋಗುತ್ತೆ. ಮೊದಲ ದಿನದ ಫೋಟೋ ಇದ್ರೆ ತೋರ್ಸಿ, ಚಿಗಟ ಉಣ್ಣೆಗೆ ಯಾವಾಗ ಔಷಧಿ ಹಾಕಿದ್ರಿ ಹೇಳಿ, ಮನೇಲಿ ಯಾರಿಗಾದ್ರೂ ತುರಿಕೆ ಇದ್ರೆ ಅದನ್ನೂ ಹೇಳಿ. ಏನಾದ್ರೂ ಹಚ್ಚಿದ್ರೆ ಆ ಟ್ಯೂಬೇ ತನ್ನಿ. ಯಾರೂ ಬೈಯಲ್ಲ. ಆ ಆಟೋ ಡ್ರೈವರ್ ಬಂದ ತಕ್ಷಣ ಆಯಿಲ್ ಅಂತ ಒಪ್ಕೊಂಡಿದ್ದಕ್ಕೇ ಆ ವಾಂತಿಗೆ ಕಾರಣ ಹುಡುಕ್ತಾ ನಾವು ಹೊತ್ತು ಕಳೀಲಿಲ್ಲ.