ಸಿಂಗಲ್ ಮಾಲ್ಟ್‌ನಲ್ಲಿ ‘ಸಿಂಗಲ್’ ಯಾವುದು?

ತೀರ್ಥಹಳ್ಳಿಯ ಸಮೀಪದ ಗೆಳೆಯರೊಬ್ಬರ ಮನೆಯಲ್ಲಿ ಈಚೆಗೆ, ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ ಸಿಂಗಲ್ ಮಾಲ್ಟ್‌ಗಳ ಪೈಕಿ ಅಗ್ಗದ್ದು ಎನ್ನಬಹುದಾದ ಒಂದು ಬಾಟಲಿಯನ್ನು ತೆರೆದಾಗ, ಅಲ್ಲಿದ್ದವರಲ್ಲಿ ಮೂವರು ‘ಸಿಂಗಲ್’ ಎಂಬ ಪದಕ್ಕೆ ಮೂರು ಅರ್ಥ ಹೇಳಿದರು: ಒಂದೇ ಪೀಪಾಯಿಯದು, ಒಂದೇ ಧಾನ್ಯದ್ದು, ಏನನ್ನೂ ಬೆರೆಸದ್ದು. ಮೂರೂ ತಪ್ಪು. ಇವೇ ತಪ್ಪುಗಳನ್ನು ಅಂಗಡಿಗಳಲ್ಲಿ ಕೇಳಿ, ಬರಹಗಳಲ್ಲಿ ಓದಿ ಸಾಕಾಗಿರುವುದರಿಂದ ಈ ಟಿಪ್ಪಣಿ. ‘ಏಕಧಾನ್ಯ ವಿಸ್ಕಿ’ ಎಂಬ ಅನುವಾದವಂತೂ ತಪ್ಪಿಗೆ ಕನ್ನಡದಲ್ಲಿ ಖಾಯಂ ಜಾಗ ಮಾಡಿಕೊಡುತ್ತದೆ.

‘ಸಿಂಗಲ್’ ಎನ್ನುವುದು ಡಿಸ್ಟಿಲರಿಯ, ಅಂದರೆ ಮದ್ಯ ಭಟ್ಟಿ ಇಳಿಸುವ ಕಾರ್ಖಾನೆಯ ಲೆಕ್ಕ. 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ, ಮೊಳಕೆ ಬರಿಸಿದ ಬಾರ್ಲಿಯನ್ನೇ (ಇಲ್ಲಿ ‘ಮಾಲ್ಟ್’ ಎಂದರೆ ಇದೇ) ಬಳಸಿ, ಬೇರೆ ಧಾನ್ಯ ಸೇರಿಸದೆ, ಒಂದೇ ಡಿಸ್ಟಿಲರಿಯಲ್ಲಿ, ಹಂಡೆಯಾಕಾರದ ಪಾಟ್ ಸ್ಟಿಲ್‌ಗಳಲ್ಲಿ ಸರದಿ ಸರದಿಯಾಗಿ ಭಟ್ಟಿ ಇಳಿಸಿ, 700 ಲೀಟರ್ ಮೀರದ ಓಕ್ ಪೀಪಾಯಿಗಳಲ್ಲಿ ಸ್ಕಾಟ್ಲೆಂಡಿನಲ್ಲೇ ಕನಿಷ್ಠ 3 ವರ್ಷ ಇಟ್ಟದ್ದು ಸಿಂಗಲ್ ಮಾಲ್ಟ್ ಸ್ಕಾಚ್. ಪೀಪಾಯಿಗಳೆಷ್ಟು ಎಂಬ ಮಿತಿ ಇಲ್ಲ. ಒಂದು ಸಾಮಾನ್ಯ ಬಾಟಲಿಯಲ್ಲಿ ನೂರಾರು ಪೀಪಾಯಿಗಳ ಮದ್ಯ ಕಲೆತಿರಬಹುದು. ಒಂದೇ ಪೀಪಾಯಿಯದಾದರೆ ಅದಕ್ಕೆ ‘ಸಿಂಗಲ್ ಕಾಸ್ಕ್’ ಎಂಬ ಬೇರೆ ಹೆಸರೇ ಇದೆ.

ಧಾನ್ಯ ಒಂದೇ ಎಂಬ ಸಂಗತಿ ನಿಜವಾದರೂ, ಅದನ್ನು ಹೇಳುವ ಪದ ‘ಮಾಲ್ಟ್’, ‘ಸಿಂಗಲ್’ ಅಲ್ಲ. ಇದನ್ನು ಒಪ್ಪದವರು ‘ಸಿಂಗಲ್ ಗ್ರೇನ್’ ಎಂಬ ಇನ್ನೊಂದು ಸ್ಕಾಚ್ ವರ್ಗವನ್ನು ನೋಡಬೇಕು. ಅದರಲ್ಲಿ ಮೊಳಕೆ ಬಾರ್ಲಿಯ ಜೊತೆಗೆ ಗೋಧಿಯೋ ಮೆಕ್ಕೆಜೋಳವೋ ಇರುವುದೇ ವಾಡಿಕೆ. ಎರಡು ಧಾನ್ಯವಿದ್ದೂ ಅದು ಸಿಂಗಲ್, ಏಕೆಂದರೆ ಡಿಸ್ಟಿಲರಿ ಒಂದೇ.

ನಮ್ಮ ಜಿಲ್ಲೆಯಲ್ಲಿ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಾಗಿಯೇ ಇಲ್ಲ. ಒಂದು ತೋಟದ ಅಡಿಕೆ ಶಿವಮೊಗ್ಗದ ಮಂಡಿಗೆ ಬಂದಾಗ ಅದು ಒಂದೇ ಮರದ್ದೆಂದು ಯಾರೂ ತಿಳಿಯುವುದಿಲ್ಲ. ಒಂದೇ ತೋಟದ್ದು ಎಂಬ ಕಾರಣಕ್ಕೆ ಅದಕ್ಕೆ ‘ಸರಕು’ ಎಂಬ ಮೇಲು ದರ್ಜೆಯ ದರವೂ ಸಿಗುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆ ಅಡಿಕೆಯನ್ನೇ ನೋಡಿ ಆಗಬೇಕು. ‘ಸಿಂಗಲ್’ ಎಂದರೆ ತೋಟ ಯಾವುದೆಂಬ ಮಾಹಿತಿ, ದರ್ಜೆಯಲ್ಲ.

‘ಏನನ್ನೂ ಬೆರೆಸದ್ದು’ ಎಂಬ ಮಾತು ಇನ್ನೂ ಹಾದಿ ತಪ್ಪಿಸುತ್ತದೆ. ನೀರನ್ನೂ, ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ಲನ್ನೂ ಸೇರಿಸಲು ನಿಯಮವೇ ಅವಕಾಶ ಕೊಟ್ಟಿದೆ. 2003ರಲ್ಲಿ ಕಾರ್ಡು ಎಂಬ ಹೆಸರಾಂತ ಸಿಂಗಲ್ ಮಾಲ್ಟಿನ ಒಡೆಯರು ಬೇರೆ ಡಿಸ್ಟಿಲರಿಗಳ ಮಾಲ್ಟನ್ನೂ ಕೂಡಿಸಿ, ಅದೇ ಹೆಸರಿನಲ್ಲಿ ‘ಪ್ಯೂರ್ ಮಾಲ್ಟ್’ ಎಂದು ಮಾರಲು ಹೊರಟಾಗ ಸ್ಕಾಟ್ಲೆಂಡಿನ ಉದ್ಯಮದೊಳಗೇ ದೊಡ್ಡ ವಿರೋಧ ಎದ್ದಿತು. ಮುಂದೆ 2009ರ ನಿಯಮಗಳು ‘ಪ್ಯೂರ್ ಮಾಲ್ಟ್’ ಎಂಬ ಪ್ರಯೋಗವನ್ನೇ ನಿಷೇಧಿಸಿ, ಹಲವು ಡಿಸ್ಟಿಲರಿಗಳ ಮಾಲ್ಟ್ ಕೂಡಿದ್ದಕ್ಕೆ ‘ಬ್ಲೆಂಡೆಡ್ ಮಾಲ್ಟ್’ ಎಂಬ ಹೆಸರನ್ನು ಗೊತ್ತುಮಾಡಿದವು. ಶುದ್ಧ ಎಂಬ ಅರ್ಥವನ್ನು ಸ್ಕಾಚ್ ನಿಯಮಗಳೇ ಕೈಬಿಟ್ಟಿರುವಾಗ ನಾವು ಅದನ್ನು ‘ಸಿಂಗಲ್’ನ ಮೇಲೆ ಹೇರುವುದು ಸರಿಯಲ್ಲ.

‘ಮಾಲ್ಟ್’ ಪದವನ್ನು ನಾವು ಕೆಡಿಸಿರುವ ಬಗೆ ಬೇರೆ. ಹಳೆಯ ಇಂಗ್ಲಿಷಿನ ‘ಮೆಆಲ್ಟ್’ ಎಂಬ ರೂಪದಿಂದ ಬಂದ ಇದು, ಕರಗುವುದನ್ನು ಹೇಳುವ ‘ಮೆಲ್ಟ್’ಗೆ ನಂಟಿನ ಪದ, ಗಟ್ಟಿ ಕಾಳು ನೆನೆದು, ಮೊಳೆತು, ಮೆತ್ತಗಾಗುವ ಕ್ರಿಯೆ ಪದದೊಳಗೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿಗೆ ಮಾತ್ರ ರಾಗಿ ಮಾಲ್ಟ್ ಎಂಬ ಹೆಸರು ಸಲ್ಲುತ್ತದೆ. ಮೊಳಕೆಯೇ ಕಾಣದ ಹುರಿದ ರಾಗಿಯ ಹಿಟ್ಟಿಗೂ ಅದೇ ಹೆಸರು ಅಂಟಿಸುತ್ತಾರೆ. ಅದಕ್ಕೆ ಹುರಿಹಿಟ್ಟು ಎಂಬ ಒಳ್ಳೆಯ ಹೆಸರು ಇದ್ದೇ ಇದೆ. ಮೊಳೆತ ರಾಗಿಯ ಗಂಜಿ ತೆಳ್ಳಗಾಗಿ, ತುಸು ಸಿಹಿಯಾಗುವುದನ್ನು ಮಗುವಿಗೆ ಉಣಿಸಿದ ತಾಯಂದಿರೆಲ್ಲ ಬಲ್ಲರು. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಬಾರ್ಲಿಯಲ್ಲಿ ನಡೆಯುವುದೂ ಇದೇ. ಆ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸುತ್ತದೆ.

ಹೀಗಾಗಿ ಅಗ್ಗದ ಸಿಂಗಲ್ ಮಾಲ್ಟನ್ನು ತೂಗಿ ನೋಡುವವರು ಹಣೆಪಟ್ಟಿಯ ಆ ಎರಡು ಪದಗಳಿಗೆ ಅಂಕ ಕೊಡಬಾರದು. ಹೊಂಬಣ್ಣಕ್ಕೂ ಕೊಡಬಾರದು, ಅದು ಕ್ಯಾರಮೆಲ್ಲಿನದಿರಬಹುದು. ವಯಸ್ಸು ನಮೂದಾಗಿದ್ದರೆ ಅದು ಒಳಗಿರುವ ಅತ್ಯಂತ ಎಳೆಯ ಮದ್ಯದ ವಯಸ್ಸು. ಅಗ್ಗದ ಬಾಟಲಿಗಳಲ್ಲಿ ಹಲವು ಅದನ್ನು ಹೇಳುವುದೇ ಇಲ್ಲ, ಮದ್ಯಾಂಶವನ್ನೂ ಕನಿಷ್ಠ ಮಿತಿಯಾದ ಶೇ. 40ಕ್ಕೇ ನಿಲ್ಲಿಸಿರುತ್ತವೆ. ಐಸ್ ಮತ್ತು ಸೋಡಾ ಕುಡಿಯುವವರ ಇಷ್ಟ, ಆದರೆ ಪರೀಕ್ಷೆಗೆ ಕೂತಾಗ ಎರಡೂ ಬೇಡ, ಏಕೆಂದರೆ ತಣ್ಣಗಾದಷ್ಟೂ ಪರಿಮಳ ಏಳುವುದಿಲ್ಲ. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ಸುರಿದು, ಮೊದಲು ಹಾಗೆಯೇ, ಆಮೇಲೆ ಕೆಲವು ಹನಿ ನೀರು ಹಾಕಿ ಮೂಸಬೇಕು. ಬ್ಲೆಂಡ್, ಅಂದರೆ ಹಲವು ವಿಸ್ಕಿಗಳ ಮಿಶ್ರಣ ತಯಾರಿಸುವ ವೃತ್ತಿನಿರತರು ಮದ್ಯಾಂಶವನ್ನು ಶೇ. 20ರ ಆಸುಪಾಸಿಗೆ ಇಳಿಸಿಯೇ ಮೂಸುವುದು ರೂಢಿ.

ಎಳೆತನ ಮೂಗಿಗೆ ಬೇಗ ಸಿಕ್ಕಿಬೀಳುತ್ತದೆ: ಹಸಿರು ಸೇಬು, ಹಸಿ ಧಾನ್ಯ, ಅದರ ಹಿಂದೆ ಮೂಗು ಚುಚ್ಚುವ ಸ್ಪಿರಿಟ್. ಪೀಪಾಯಿ ತನ್ನ ಕೆಲಸ ಮಾಡಿದ್ದರೆ ವೆನಿಲ್ಲಾದ ವಾಸನೆ ಬರುತ್ತದೆ, ಸುಟ್ಟ ಓಕ್ ಮರ ವೆನಿಲಿನ್ ಬಿಟ್ಟುಕೊಡುವುದರಿಂದ. ಎರಡು ದಶಕದ ಹಿಂದೆ ವೆನಿಲ್ಲಾ ಬಳ್ಳಿ ಹಬ್ಬಿಸಿ, ಬೆಲೆ ಬಿದ್ದಾಗ ಕೈಸುಟ್ಟುಕೊಂಡ ಮಲೆನಾಡಿನ ಬೆಳೆಗಾರರಿಗೆ ಹದಮಾಡಿದ ಕೋಡಿನ ಆ ವಾಸನೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಗೆಯ ವಾಸನೆ ಬಂದರೆ ಅದು ಪೀಟ್ ಎಂಬ ಜೌಗುನೆಲದ ಇಂಧನದ ಬೆಂಕಿಯಲ್ಲಿ ಮಾಲ್ಟ್ ಒಣಗಿಸಿದ ಗುರುತು, ಬಚ್ಚಲ ಒಲೆಯ ಹೊಗೆಗಿಂತ ಹೆಚ್ಚು ಔಷಧಿಯ ಘಾಟಿನದು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ, ಅಗ್ಗದವು ಹೆಚ್ಚಾಗಿ ಸೋಲುವುದು ಅಲ್ಲೇ. ತೀರ್ಥಹಳ್ಳಿಯ ಆ ಬಾಟಲಿಯಲ್ಲಿ ಮೂಗಿಗೆ ಜೇನೂ ಹುರಿದ ರವೆಯೂ ಸೊಗಸಾಗಿ ಸಿಕ್ಕವು. ಬಾಯಲ್ಲಿ ಮಾತ್ರ ಎರಡು ಉಸಿರಿಗೇ ಎಲ್ಲ ಮುಗಿದು, ಬರಿಯ ಖಾರ ಉಳಿಯಿತು. ಅದೇ ಬೆಲೆಗೆ ಅದಕ್ಕಿಂತ ಉತ್ತಮವಾದ ಬ್ಲೆಂಡ್ ಸಿಗುತ್ತದೆ ಎಂದು ಅಂದೇ ಹೇಳಿದೆ.