ಸಿಸ್‌ಪ್ಲಾಟಿನ್ ಹಾಕಿಸಿಕೊಳ್ಳುವವರಿಗೆ ಕಕ್ಕಡದಲ್ಲೂ ನೀರು ಬೇಕು

"ಗಂಟಲಿಗೆ ಕರೆಂಟ್ ಕೊಟ್ಟರು, ಕಿಡ್ನಿ ಸುಟ್ಟುಹೋಯ್ತು." ಕರೆಂಟ್ ಎಂದರೆ ಇಲ್ಲಿ ವಿಕಿರಣ ಚಿಕಿತ್ಸೆ. ಕೊಡಗಿನಲ್ಲಿ ಕೇಳಿಬರುವ ಈ ಮಾತಿಗೆ ಹೆದರಿ ಗಂಟಲ ಕ್ಯಾನ್ಸರಿನ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಬೇಡಿ. ಗಂಟಲಿಗೆ ಕೊಡುವ ವಿಕಿರಣ ಕಿಡ್ನಿಗೆ ತಲುಪುವುದು ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಗೆ ಕೊಡುವಾಗಿನ ಲೆಕ್ಕ ಬೇರೆ. ಇಲ್ಲಿ ಕಿಡ್ನಿಗೆ ಪೆಟ್ಟು ಕೊಡುವುದು ಜೊತೆಗೆ ಹಾಕುವ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಯ ಡ್ರಿಪ್.

ಅದರ ಒಡಲಲ್ಲಿರುವುದು ಪ್ಲಾಟಿನಂ. ಅಮೆರಿಕದ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹರಿಸಿ ನೋಡುತ್ತಿದ್ದರು. ಅವು ಎರಡಾಗಿ ಒಡೆಯುವುದನ್ನೇ ಬಿಟ್ಟು ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ಎಲೆಕ್ಟ್ರೋಡಿನಿಂದ ಕರಗಿ ಬಂದ ಪ್ಲಾಟಿನಂ! 1965ರಲ್ಲಿ ಅವರು ಇದನ್ನು ಪ್ರಕಟಿಸಿದರು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ ಒಪ್ಪಿಗೆ ಸಿಕ್ಕಿತು. ವಿಕಿರಣ ಕ್ಯಾನ್ಸರ್ ಕೋಶದ ಡಿಎನ್‌ಎ ಮುರಿಯುತ್ತದೆ, ಸಿಸ್‌ಪ್ಲಾಟಿನ್ ಅದನ್ನು ರಿಪೇರಿ ಮಾಡಲು ಬಿಡುವುದಿಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಕೊಡುವುದು.

ಈಗ ನನಗೆ ಬಹಳ ಇಷ್ಟವಾದ ಭಾಗ. ಪ್ರತಿ ಸಿಸ್‌ಪ್ಲಾಟಿನ್ ಅಣುವಿನಲ್ಲೂ ಎರಡು ಕ್ಲೋರಿನ್ ಪರಮಾಣುಗಳಿವೆ. ರಕ್ತದಲ್ಲಿ ಕ್ಲೋರೈಡ್ ಜಾಸ್ತಿ, ಹಾಗಾಗಿ ಅವು ಅಣುವಿಗೆ ಅಂಟಿಕೊಂಡೇ ಇರುತ್ತವೆ, ಔಷಧಿ ಹೆಚ್ಚುಕಡಿಮೆ ಸುಮ್ನಿರುತ್ತದೆ. ಕೋಶದೊಳಗೆ ಕ್ಲೋರೈಡ್ ಕಡಿಮೆ. ಒಳಗೆ ಹೋದ ಮೇಲೆ ಕ್ಲೋರಿನ್ ಕಳಚುತ್ತದೆ, ಪ್ಲಾಟಿನಂ ಸಿಕ್ಕಿದ್ದಕ್ಕೆಲ್ಲ ಕಚ್ಚಿಕೊಳ್ಳುತ್ತದೆ. ಕಿಡ್ನಿಯ ಸಣ್ಣ ನಾಳಗಳ ಕೋಶಗಳಲ್ಲಿ ಓಸಿಟಿ2 ಎಂಬ ಪ್ರೋಟೀನ್ ಇದೆ. ಇದು ಸಿಸ್‌ಪ್ಲಾಟಿನ್ ಅನ್ನು ರಕ್ತದಿಂದ ಒಳಗೆಳೆದುಕೊಳ್ಳುವ ಬಾಗಿಲು. ಅಲ್ಲಿ ಔಷಧಿ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಜಮೆಯಾಗುತ್ತದೆ, ಕೋಶಗಳು ಸಾಯುತ್ತವೆ, ಮೆಗ್ನೀಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ಸಿಸ್‌ಪ್ಲಾಟಿನ್ ಹಿಂದೆಮುಂದೆ ಬಾಟಲಿಗಟ್ಟಲೆ ಸಲೈನ್ ಹಾಕುವುದು ಔಷಧಿ ಅಲ್ಲಿ ನಿಲ್ಲದೆ ಹರಿದುಹೋಗಲಿ ಎಂದು.

ವಿಕಿರಣ ಕಾಟ ಕೊಡುವುದು ಬಳಸುದಾರಿಯಲ್ಲಿ. ಕೆಲವು ವಾರಗಳಲ್ಲಿ ಬಾಯಿ, ಗಂಟಲು ಹುಣ್ಣಾಗುತ್ತದೆ. ಗಂಜಿಯೂ ಇಳಿಯುವುದಿಲ್ಲ, ಜೊತೆಗೆ ವಾಂತಿ. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ ಅಲ್ವಾ? ಅದರ ಮೇಲೆ, ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡಿಕ್ಲೋಫೆನಾಕ್ ತಂದು ನುಂಗಿದರೆ ಕಿಡ್ನಿಗೆ ಇನ್ನೊಂದು ಪೆಟ್ಟು.

ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತು. ತಿಂದ ಸೊಪ್ಪಿನ ಬಣ್ಣ ಕಿಡ್ನಿಯ ಮೂಲಕವೇ ಹೊರಗೆ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಬ್ಬದ ಪಾಯಸದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೀಮೋ ನಡೆಯುವಾಗ "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಎಂದು ಯಾರೋ ಹೇಳಿದ ಕಷಾಯವನ್ನು ದಿನಾ ಕುಡಿಸುವುದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಪೆಟ್ಟು ತಿಂದ ಕಿಡ್ನಿಗೆ ಅದೂ ಒಂದು ಹೊರೆ. ಸೊಪ್ಪು ತಿನ್ನದೆ ಮೂತ್ರ ಕೆಂಪಾದರೆ ಅವತ್ತೇ ಡಾಕ್ಟರಿಗೆ ಹೇಳಬೇಕು.

ಕಿಡ್ನಿ ಹೇಗಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಸುವ ಕ್ರಿಯಾಟಿನಿನ್ ನಂಬರು ನಿಧಾನಕ್ಕೆ ಏರುತ್ತದೆ. ಅದು ಎದ್ದು ಕಾಣುವ ಹೊತ್ತಿಗೆ ಕಿಡ್ನಿ ಸಾಕಷ್ಟು ಶಕ್ತಿ ಕಳೆದುಕೊಂಡಿರಬಹುದು. ಹಾಗಾಗಿ ಪ್ರತಿ ಡ್ರಿಪ್‌ಗೂ ಮೊದಲು ರಿಪೋರ್ಟ್ ಕೇಳಿ, ಹಿಂದಿನದರ ಪಕ್ಕ ಇಟ್ಟು ನೋಡಿ. ನೀರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ, ಹೃದಯದ ತೊಂದರೆ ಇರುವವರಿಗೆ ಅಳತೆ ಬೇರೆ. ನಂಬರು ಏರುತ್ತಿದ್ದರೆ ಅವರು ಡ್ರಿಪ್ ಮುಂದೂಡಬಹುದು, ಡೋಸ್ ಇಳಿಸಬಹುದು, ಕಿಡ್ನಿಗೆ ಕಡಿಮೆ ಕಾಟ ಕೊಡುವ ಕಾರ್ಬೋಪ್ಲಾಟಿನ್‌ಗೆ ಬದಲಿಸಲೂಬಹುದು.