ಆ ಹೋಮ್ ರನ್ ಹಿಂದಿದ್ದ ದುರ್ಬೀನು

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕಾಲುಗಳ ನಡುವೆ ಬೆರಳು ತೋರಿಸಿ, ಯಾವ ಚೆಂಡು ಎಸೆಯಬೇಕು ಅಂತ ಚೆಂಡೆಸೆಯುವ ಪಿಚರ್‌ಗೆ ಹೇಳುತ್ತಾನೆ. ಸಾಮಾನ್ಯವಾಗಿ ಒಂದು ಬೆರಳು ಅಂದ್ರೆ ವೇಗದ ಚೆಂಡು, ಎರಡು ಅಂದ್ರೆ ತಿರುವು. ಕ್ಯಾಚರ್‌ಗೆ ಎದುರಾಗಿರುವ ಎರಡನೇ ಬೇಸ್‌ನಲ್ಲಿ (ಓಡುವವನು ನಿಲ್ಲುವ ಠಾಣೆ) ನಿಂತ ಎದುರಾಳಿ ಅದನ್ನು ಬರಿಗಣ್ಣಲ್ಲಿ ಕದ್ದು ನೋಡಿದರೆ ಯಾರದ್ದೂ ತಕರಾರಿಲ್ಲ, ಅದು ಜಾಣತನ. ಜಗಳ ಶುರುವಾಗುವುದು ಯಂತ್ರ ಬಂದಾಗ.

ಇದು ಹಳೇ ಜಗಳವೇ. 1900ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿನ್ಸಿನಾಟಿ ತಂಡದ ಆಟಗಾರ ಟಾಮಿ ಕೊರ್ಕೊರನ್ ಮೂರನೇ ಬೇಸ್ ಹತ್ತಿರ ಬೂಟಿನ ಮುಳ್ಳಿಂದ ನೆಲ ಕೆದಕಿದರೆ, ಸಿಕ್ಕಿದ್ದು ವೈರು ಮತ್ತು ಬಜರ್! ದೂರದಲ್ಲಿ ಬೈನಾಕ್ಯುಲರ್ ಹಿಡಿದು ಕೂತವನ ಸುದ್ದಿ ಫಿಲಡೆಲ್ಫಿಯಾ ತಂಡದ ಕೋಚ್‌ನ ಕಾಲಡಿಗೆ ಬರುತ್ತಿತ್ತು.

ಆದರೆ ಎಲ್ಲರೂ ನೆನೆಸಿಕೊಳ್ಳುವುದು 1951ರ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು. ಆಗಸ್ಟ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗಿಂತ ಹದಿಮೂರೂವರೆ ಪಂದ್ಯ ಹಿಂದಿದ್ದವರು ಕೊನೆಯ 44ರಲ್ಲಿ 37 ಗೆದ್ದು ಸಮಕ್ಕೆ ಬಂದರು. ಹಾಗಾಗಿ ಗೆದ್ದವರು ಯಾರು ಅಂತ ತೀರ್ಮಾನಿಸಲು ಮೂರು ಪಂದ್ಯಗಳ ಪ್ಲೇಆಫ್. ಅಕ್ಟೋಬರ್ 3ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಕೊನೆಯದು. ಒಂಬತ್ತನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 4-2 ಮುಂದಿದ್ದರು, ಜೈಂಟ್ಸ್‌ನ ಇಬ್ಬರು ಬೇಸ್ ಮೇಲಿದ್ದರು, ಆಗಷ್ಟೇ ಬಂದ ಡಾಡ್ಜರ್ಸ್ ಪಿಚರ್ ರಾಲ್ಫ್ ಬ್ರಾಂಕಾ ಎಸೆದ ಎರಡನೇ ಚೆಂಡನ್ನು ಜೈಂಟ್ಸ್‌ನ ಬಾಬಿ ಥಾಮ್ಸನ್ ಎಡಗಡೆ ಸ್ಟ್ಯಾಂಡಿಗೆ ಕಳಿಸಿದರು. ಹೋಮ್ ರನ್! ಬೇಸ್ ಮೇಲಿದ್ದ ಇಬ್ಬರ ಜೊತೆ ಅವರೂ ಸೇರಿ ಮೂರು ರನ್, 5-4. ರೇಡಿಯೊದಲ್ಲಿ ರಸ್ ಹಾಡ್ಜಸ್ 'ಜೈಂಟ್ಸ್ ಗೆದ್ದರು' ಅಂತ ಮತ್ತೆ ಮತ್ತೆ ಕೂಗಿದ ದನಿಯನ್ನು ಅಮೆರಿಕದಲ್ಲಿ ಇವತ್ತಿಗೂ ಹಾಕಿ ಕೇಳಿಸುತ್ತಾರೆ.

ಜೈಂಟ್ಸ್ ಸಂಕೇತ ಕದಿಯುತ್ತಿದ್ದರು ಅನ್ನುವ ಗುಸುಗುಸು ಮೊದಲಿಂದಲೂ ಇತ್ತು. 1962ರಲ್ಲಿ ಒಮ್ಮೆ ಪತ್ರಿಕೆಗೂ ಬಂತು. ಪೂರ್ತಿ ಕಥೆ ಹೊರಬಿದ್ದದ್ದು ಮಾತ್ರ 2001ರಲ್ಲಿ, ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಜೋಶುವಾ ಪ್ರೇಗರ್ ಬರೆದಾಗ. ಆ ಮೈದಾನದಲ್ಲಿ ಆಟಗಾರರ ಕೋಣೆ ಸೆಂಟರ್ ಫೀಲ್ಡ್‌ನ ಆಚೆ, ಬ್ಯಾಟರ್‌ಗೆ ನೇರ ಎದುರಿಗಿತ್ತು. ಅಲ್ಲಿ ಕೋಚ್ ಹರ್ಮನ್ ಫ್ರಾಂಕ್ಸ್ ದುರ್ಬೀನಿನಲ್ಲಿ ಕ್ಯಾಚರ್‌ನ ಬೆರಳು ನೋಡಿ ಬಜರ್ ಒತ್ತುತ್ತಿದ್ದರು. ಬಜರ್ ಮೊಳಗುತ್ತಿದ್ದುದು ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲಿ. ಅಲ್ಲಿದ್ದ ಸಾಲ್ ಇವಾರ್ಸ್ ಸುಮ್ನೆ ಕೂತಿದ್ದರೆ ವೇಗದ ಚೆಂಡು, ಕೈಲಿದ್ದ ಚೆಂಡನ್ನು ಮೇಲಕ್ಕೆಸೆದರೆ ತಿರುವು. ಬ್ಯಾಟರ್ ಕಣ್ಣು ಹಾಯಿಸಿದರೆ ಸಾಕು.

ಆ ಚೆಂಡಿಗೆ ತಾನು ಸೂಚನೆ ತಗೊಳ್ಳಲಿಲ್ಲ ಅಂತ ಥಾಮ್ಸನ್ ಹೇಳಿದರು. ಬ್ರಾಂಕಾಗೆ 1954ರಲ್ಲೇ ವಿಷಯ ಗೊತ್ತಾಗಿತ್ತು, ಆದರೂ ದಶಕಗಟ್ಟಲೆ ಬಾಯಿ ಬಿಡಲಿಲ್ಲ. ನನ್ನ ಪ್ರಕಾರ ಆ ಒಂದು ಚೆಂಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇವೆ. ಎರಡೂ ತಂಡ 96 ಗೆಲುವಿನ ಸಮಬಲದಲ್ಲಿದ್ದವು, ಅಲ್ವಾ? ಜುಲೈಯಿಂದ ನಡೆದ ಈ ಕಳ್ಳಾಟ ಒಂದೇ ಒಂದು ಗೆಲುವು ತಂದಿದ್ದರೂ ಪ್ಲೇಆಫ್ ಆಗಿದ್ದೇ ಅದರಿಂದ. ಹಾಗಂತ ನಿಯಮ ಮುರಿದರು ಅನ್ನುವಂತಿಲ್ಲ, ಆಗ ನಿಯಮವೇ ಇರಲಿಲ್ಲ. ಯಂತ್ರಗಳನ್ನು ಈ ಎರಡೂ ತಂಡಗಳಿದ್ದ ನ್ಯಾಷನಲ್ ಲೀಗ್ ನಿಷೇಧಿಸಿದ್ದು 1961ರಲ್ಲಿ.

2017ರ ಚಾಂಪಿಯನ್ ತಂಡ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಆ ನೆಪವೂ ಇರಲಿಲ್ಲ. ದುರ್ಬೀನಿನ ಬದಲು ಕ್ಯಾಮೆರಾ, ಬಜರ್ ಬದಲು ಕಸದ ಡಬ್ಬಿ ಬಡಿಯುವ ಸದ್ದು. 2020ರಲ್ಲಿ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಇಬ್ಬರೂ ಕೆಲಸ ಕಳೆದುಕೊಂಡರು. ಆಟಗಾರರಿಗೆ ಶಿಕ್ಷೆಯಿಲ್ಲ, ಪ್ರಶಸ್ತಿಯೂ ಅವರಲ್ಲೇ ಉಳಿಯಿತು. ಇದು ನನಗಿನ್ನೂ ಜೀರ್ಣವಾಗಿಲ್ಲ.

2022ರಿಂದ ಪಿಚ್‌ಕಾಮ್ ಬಂದಿದೆ. ಕ್ಯಾಚರ್ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯೊಳಗೆ ದನಿ ಕೇಳುತ್ತದೆ, ಬೆರಳೇ ಬೇಡ. ಈಗ ಎದುರಾಳಿಗಳು ಗಮನಿಸುವುದು ಪಿಚರ್ ಗ್ಲೌಸಿನೊಳಗೆ ಚೆಂಡು ಹಿಡಿಯುವ ರೀತಿಯನ್ನು. ಬರಿಗಣ್ಣಲ್ಲಿ ನೋಡಿದರೆ ಅದಕ್ಕೂ ಯಾರ ಅಡ್ಡಿಯಿಲ್ಲ.